ಹರಳಿನ ಮೂಲ ಕೇಳಬಹುದೇ?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಕೇಳಿದವರು ಮತ್ತೊಮ್ಮೆ ಓದಲಿ, ಕೇಳದವರು ಮೊದಲ ಸಲ ಓದಲಿ ಎಂದು ಈ ಭಾಷಣವನ್ನು ಇಲ್ಲಿ ಬರೆದು ಕೊಡುತ್ತಿದ್ದೇನೆ. ಮಾತು ಶುರುವಾಗುವುದು ನಮ್ಮ ಮನೆಯ ಕಬ್ಬಿಣದ ಬೀರುವಿನಿಂದ. ಅದರೊಳಗೆ ಒಂದು ಪುಟ್ಟ ಡಬ್ಬಿ. ಡಬ್ಬಿಯಲ್ಲಿ ಗುಲಾಬಿ ಬಣ್ಣದ ಕಾಗದ. ಕಾಗದದೊಳಗೆ ಅಮ್ಮನ ಏಳು ಹರಳಿನ ವಜ್ರದೋಲೆ. 1999ರಲ್ಲಿ ಅಕ್ಕನ ಮದುವೆಯ ಹೊತ್ತಿಗೆ ಅಪ್ಪ ಪ್ರಾವಿಡೆಂಟ್ ಫಂಡಿನ ಹಣ ತೆಗೆದು, ಇಲ್ಲೇ ಮುಂಬಯಿಯಲ್ಲಿ ಎರಡು ಜೊತೆ ಕೊಂಡಿದ್ದರು. ಒಂದು ಅಕ್ಕನಿಗೆ, ಒಂದು ಅಮ್ಮನಿಗೆ. ಆಗ ನಾನು ಪ್ರೈಮರಿ ಶಾಲೆಯ ಹುಡುಗಿ. ದೀಪದ ಬೆಳಕಿಗೆ ಅಮ್ಮ ತಲೆ ತಿರುಗಿಸಿದಾಗೆಲ್ಲ ಗೋಡೆಯ ಮೇಲೆ ಓಡುತ್ತಿದ್ದ ಬಣ್ಣದ ಚುಕ್ಕಿಗಳನ್ನು ಹಿಡಿಯಲು ಹೋಗುತ್ತಿದ್ದೆ.

ಈಗ ಅಕ್ಕನ ಮಗಳಿಗೆ ಮದುವೆ ಗೊತ್ತಾಗಿದೆ. ಉಂಗುರ ಕೊಳ್ಳಬೇಕು. ಹುಡುಗಿ ಕೇಳಿದಳು: “ಚಿಕ್ಕಮ್ಮ, ಅಜ್ಜಿಯ ಓಲೆಯ ವಜ್ರ ಯಾವ ದೇಶದ್ದು?” ನಾನು ಅಮ್ಮನನ್ನು ಕೇಳಿದೆ. ಅಮ್ಮ ಥಟ್ಟನೆ, “ಋಷಿಮೂಲ ಕೇಳಬಾರದು, ನದಿಮೂಲ ಕೇಳಬಾರದು. ಓಲೆಯ ಮೂಲ ಯಾಕೆ ಬೇಕೇ ನಿಮಗೆ?” ಎಂದರು. ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ.

ಓದುಗರೇ, ಒಂದು ಪ್ರದೇಶದ ಮಣ್ಣಿನಲ್ಲಿ ಬೆಲೆಬಾಳುವ ವಸ್ತು ಸಿಕ್ಕಿದರೆ ಅಲ್ಲಿನ ಜನ ಸುಖವಾಗಿರಬೇಕು. ಆದರೆ ಎಷ್ಟೋ ಕಡೆ ಅಲ್ಲಿ ಬಂದೂಕು ಮೊದಲು ಬಂತು, ಸುಖ ಬರಲೇ ಇಲ್ಲ. ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕುತ್ತ ನಾನು ತಲುಪಿದ್ದು ಆಫ್ರಿಕಾಕ್ಕಲ್ಲ. ರೈಲಿನಲ್ಲಿ ಬೆಳಗಾಗುವುದರೊಳಗೆ ಮುಟ್ಟಬಹುದಾದ ಸೂರತ್‌ಗೆ.

ಸೂರತ್‌ನಲ್ಲಿ ನನ್ನ ಸೋದರಮಾವ ಇದ್ದಾರೆ. ಸೀರೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅವರ ಜೊತೆ ಮಹಿಧರಪುರದ ಹೀರಾ ಬಜಾರಿಗೆ ಹೋದೆ. ನೋಡದವರು ನಂಬುವುದು ಕಷ್ಟ. ಬೀದಿಯಲ್ಲಿ ನಿಂತ ಸ್ಕೂಟರಿನ ಸೀಟೇ ಅಂಗಡಿ. ಅದರ ಮೇಲೆ ಮಡಿಸಿದ ಕಾಗದದ ಪೊಟ್ಟಣ ಬಿಚ್ಚುತ್ತಾರೆ. ಅದಕ್ಕೆ ಅಲ್ಲಿ ‘ಪಡೀಕು’ ಎನ್ನುತ್ತಾರೆ. ಒಳಗೆ ಸಕ್ಕರೆ ಹರಳಿನಂಥ ವಜ್ರಗಳು. ಚಿಮಟದಿಂದ ಎತ್ತಿ, ಭೂತಗಾಜಿನಲ್ಲಿ ನೋಡಿ, ಮಾತಿನ ಮೇಲೆಯೇ ಲಕ್ಷಾಂತರ ರೂಪಾಯಿಯ ವ್ಯಾಪಾರ. ಸರಕು ಊರಿಂದೂರಿಗೆ ಹೋಗುವುದು ಅಂಗಡಿಯಾಗಳ ಕೈಯಲ್ಲಿ. ಇವರು ತಲೆಮಾರುಗಳಿಂದ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಸಾಗಣೆದಾರರು.

ಪ್ರಪಂಚದಲ್ಲಿ ಸಾಣೆ ಹಿಡಿಯುವ ವಜ್ರಗಳನ್ನು ಎಣಿಕೆಯಲ್ಲಿ ತೆಗೆದುಕೊಂಡರೆ ಹತ್ತರಲ್ಲಿ ಒಂಬತ್ತು ಭಾರತದಲ್ಲೇ, ಅದರಲ್ಲೂ ಬಹುಪಾಲು ಸೂರತ್‌ನಲ್ಲೇ ಹೊಳಪು ಪಡೆಯುತ್ತವೆ. ವರಾಛಾ, ಕತಾರಗಾಮ್ ಬಡಾವಣೆಗಳ ಕಟ್ಟಡಗಳಲ್ಲಿ ‘ಘಂಟಿ’ ಎಂದು ಕರೆಯುವ ತಿರುಗುವ ಸಾಣೆತಟ್ಟೆಗಳಿವೆ. ಒಂದೊಂದರ ಸುತ್ತ ನಾಲ್ಕು ಜನ ಬಗ್ಗಿ ಕೂತಿರುತ್ತಾರೆ. ತಟ್ಟೆಗೆ ಬಳಿಯುವುದು ಎಣ್ಣೆ ಮತ್ತು ವಜ್ರದ ಪುಡಿ. ವಜ್ರವನ್ನು ವಜ್ರವೇ ಕೊಯ್ಯಬೇಕಲ್ಲವೇ? ಬಟಾಣಿಗಿಂತ ಚಿಕ್ಕದಾದ ಹರಳಿಗೆ 57 ಮುಖ ತೀಡುವ ಇವರನ್ನು ಅಲ್ಲಿ ‘ರತ್ನಕಲಾಕಾರ’ ಎಂದು ಗೌರವದಿಂದ ಕರೆಯುತ್ತಾರೆ. ಬಹುತೇಕರು ಸೌರಾಷ್ಟ್ರದ ಭಾವನಗರ, ಅಮ್ರೇಲಿ ಕಡೆಯಿಂದ, ಮಳೆ ಕೈಕೊಟ್ಟ ಹಳ್ಳಿಗಳಿಂದ ಬಂದವರು. ಕೂಲಿ ಹೆಚ್ಚಾಗಿ ಹರಳಿನ ಲೆಕ್ಕದಲ್ಲಿ. ಅಹಮದಾಬಾದಿನ ಬಾಪುನಗರದಲ್ಲೂ ಇಂಥದೇ ಕಾರ್ಖಾನೆಗಳಿವೆ.

ಒಂದು ಮಾತು ಗಮನಿಸಿ. ಸೂರತ್‌ನ ನೆಲದಲ್ಲಿ ವಜ್ರ ಹುಟ್ಟುವುದಿಲ್ಲ. ಒಂದು ಹರಳೂ ಅಲ್ಲಿಯದಲ್ಲ. ಎಲ್ಲವೂ ಹೊರಗಿನಿಂದ ಬರಬೇಕು. ಹಾಗಾದರೆ ಎಲ್ಲಿಂದ?

ಹಿಂದೆ ನಮ್ಮಲ್ಲಿಂದಲೇ ಹೋಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಸಿಕ್ಕುವವರೆಗೆ ಜಗತ್ತಿಗೆ ವಜ್ರ ಒದಗಿಸುತ್ತಿದ್ದುದು ಮುಖ್ಯವಾಗಿ ಭಾರತ. ಕೃಷ್ಣಾ ಕಣಿವೆಯ ಕೊಲ್ಲೂರು, ಇತ್ತ ಅನಂತಪುರ ಜಿಲ್ಲೆಯ ವಜ್ರಕರೂರು ಹೆಸರಾಗಿದ್ದವು. ಬಳ್ಳಾರಿ ಸೀಮೆಯ ಓದುಗರಿಗೆ ವಜ್ರಕರೂರಿನ ಕಥೆ ಹೊಸದಲ್ಲ. ಮುಂಗಾರಿನ ಮೊದಲ ಮಳೆ ಬಿದ್ದರೆ ಇಂದಿಗೂ ಜನ ಬುತ್ತಿ ಕಟ್ಟಿಕೊಂಡು ಹೊಲದಲ್ಲಿ ಹರಳು ಹುಡುಕುತ್ತಾರೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಗೊತ್ತಾದ ತೂಕ ಮೀರಿದ ವಜ್ರವೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕಿತ್ತು ಎಂದು ದಾಖಲಿಸಿದ್ದಾನೆ. ಬೊಕ್ಕಸದಿಂದ ಕುದುರೆ, ಕುದುರೆಯಿಂದ ಸೈನ್ಯ. ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗಾಗಿ, ಅಂದರೆ ರಾಯಚೂರು ದೋಆಬಿಗಾಗಿ, ವಿಜಯನಗರವೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಆ ಸರಣಿಯ ದೊಡ್ಡ ಯುದ್ಧ. ಫಲವತ್ತಾದ ಮಣ್ಣು, ಕೋಟೆ, ಎರಡು ನದಿ, ಹಟ್ಟಿಯಂಥ ಚಿನ್ನದ ನೆಲ. ಇವೆಲ್ಲ ಒಂದೇ ಕಡೆ ಇದ್ದರೆ ನೆಮ್ಮದಿ ಎಲ್ಲಿಂದ ಬರಬೇಕು?

ಸೂರತ್ ಕೂಡ ಇದನ್ನು ಅನುಭವಿಸಿದ ಊರು. ಮೊಗಲರ ಕಾಲದ ಆ ಸಿರಿವಂತ ಬಂದರನ್ನು ಶಿವಾಜಿ 1664ರಲ್ಲಿ, ಮತ್ತೆ 1670ರಲ್ಲಿ ಸೂರೆ ಮಾಡಿದರು. ಆ ಹಣ ಹೋದದ್ದು ಮೊಗಲರ ವಿರುದ್ಧದ ಯುದ್ಧಕ್ಕೆ. ಪಕ್ಕದ ವಡೋದರಾದ ಕಥೆ ಇನ್ನೂ ವಿಚಿತ್ರ. 1853ರಲ್ಲಿ ಬ್ರೆಜಿಲ್‌ನ ಗಣಿಯಲ್ಲಿ ಗುಲಾಮ ಹೆಂಗಸೊಬ್ಬಳ ಕಣ್ಣಿಗೆ ಬಿದ್ದ ‘ಸ್ಟಾರ್ ಆಫ್ ದಿ ಸೌತ್’ ಎಂಬ ಹೆಸರಾಂತ ವಜ್ರವನ್ನು ಕೊಂಡವರು ಬರೋಡದ ಮಹಾರಾಜ ಖಂಡೇರಾವ್ ಗಾಯಕವಾಡರು. ಅವರ ನಂತರ ಪಟ್ಟಕ್ಕೆ ಬಂದ ತಮ್ಮ ಮಲ್ಹಾರರಾಯರ ಮೇಲೆ 1874ರಲ್ಲಿ ಬಂದ ಆರೋಪವೇನು ಗೊತ್ತೇ? ಬ್ರಿಟಿಷ್ ರೆಸಿಡೆಂಟರ ಶರಬತ್ತಿಗೆ ಪಾಷಾಣ ಮತ್ತು ವಜ್ರದ ಪುಡಿ ಬೆರೆಸಿದರು ಎಂದು! ವಿಚಾರಣೆಗೆ ಕೂತವರಲ್ಲಿ ಒಮ್ಮತ ಮೂಡಲಿಲ್ಲ. ಆದರೂ 1875ರಲ್ಲಿ ಅವರು ಗಾದಿ ಕಳೆದುಕೊಂಡರು.

ಇದೆಲ್ಲ ಅರಸರ ಕಾಲದ ಮಾತು, ಈಗೇನು ಎನ್ನುತ್ತೀರಾ? ಅಮ್ಮನ ಓಲೆ ಕೊಂಡ ಕಾಲಕ್ಕೇ ಬರೋಣ.

ಪಶ್ಚಿಮ ಆಫ್ರಿಕಾದಲ್ಲಿ ಸಿಯೆರಾ ಲಿಯೋನ್ ಎಂಬ ದೇಶ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು. ಅಲ್ಲಿನ ಕೋನೋ ಜಿಲ್ಲೆಯ ಹೊಳೆದಂಡೆಯ ಮಣ್ಣಿನಲ್ಲಿ ವಜ್ರ ಸಿಗುತ್ತದೆ. 1991ರ ಮಾರ್ಚಿನಲ್ಲಿ ಆರ್.ಯು.ಎಫ್. ಎಂಬ ದಂಗೆಕೋರ ಪಡೆ ನೆರೆಯ ಲೈಬೀರಿಯಾದಿಂದ ಒಳನುಗ್ಗಿತು. ಕೆಲವೇ ವರ್ಷಗಳಲ್ಲಿ ವಜ್ರದ ಹೊಂಡಗಳು ಅದರ ಕೈಸೇರಿದವು. ಹರಳು ಲೈಬೀರಿಯಾಕ್ಕೆ ಹೋಗುವುದು, ಬಂದೂಕು ಅಲ್ಲಿಂದ ಬರುವುದು. 2002ರ ಜನವರಿಯಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸತ್ತವರ ಅಂದಾಜು 50 ಸಾವಿರಕ್ಕೂ ಹೆಚ್ಚು. ಆ ಪಡೆ ಹೆದರಿಸುವುದಕ್ಕೆಂದೇ ಸಾಮಾನ್ಯ ಜನರ ಕೈ ಕಡಿಯುತ್ತಿತ್ತು. ಮಕ್ಕಳಿಗೆ ಬಂದೂಕು ಕೊಟ್ಟು ನಿಲ್ಲಿಸುತ್ತಿತ್ತು. 1999ರ ಲೋಮೆ ಒಪ್ಪಂದದಲ್ಲಂತೂ ಶಾಂತಿಯ ಆಸೆಗೆ ದಂಗೆಯ ನಾಯಕ ಫೊಡೆ ಸಂಕೋನಿಗೇ ದೇಶದ ಖನಿಜ ಸಂಪತ್ತಿನ ಆಯೋಗದ ಅಧ್ಯಕ್ಷ ಪದವಿ ಕೊಟ್ಟರು. ಕಳ್ಳನ ಕೈಗೆ ಕೀಲಿಕೈ ಎಂದರೆ ಇದೇ ಅಲ್ಲವೇ? ವರ್ಷ ಕಳೆಯುವುದರೊಳಗೆ ಒಪ್ಪಂದ ಮುರಿದುಬಿತ್ತು.

2000ದ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಸುಮಾರು 500 ಶಾಂತಿಪಾಲಕರನ್ನು ಆ ಪಡೆ ಸೆರೆಹಿಡಿಯಿತು. ಕೈಲಾಹುನ್ ಎಂಬಲ್ಲಿ ಭಾರತದ ಗೂರ್ಖಾ ರೈಫಲ್ಸ್‌ನ ಇನ್ನೂರಕ್ಕೂ ಹೆಚ್ಚು ಯೋಧರು ಸುಮಾರು ಎರಡೂವರೆ ತಿಂಗಳು ಸುತ್ತುವರಿಯಲ್ಪಟ್ಟು ಉಳಿದರು. ಕೊನೆಗೆ ಜುಲೈ 15ರಂದು ‘ಆಪರೇಷನ್ ಖುಕ್ರಿ’ ನಡೆಸಿ ಅವರನ್ನು ಬಿಡಿಸಿಕೊಳ್ಳಬೇಕಾಯಿತು. ಯೋಚಿಸಿ ಓದುಗರೇ. ಒಂದು ಕಡೆ ಭಾರತದ ಸೈನಿಕರು ಆ ಹೊಂಡಗಳ ನಾಡಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದಾರೆ. ಇನ್ನೊಂದು ಕಡೆ ಪ್ರಪಂಚದ ಹರಳೆಲ್ಲ ಹೊಳಪಿಗಾಗಿ ಭಾರತಕ್ಕೇ ಬರುತ್ತಿದೆ. ಅವುಗಳಲ್ಲಿ ಅಲ್ಲಿಯವು ಇದ್ದವೋ ಇಲ್ಲವೋ, ಹೇಳಬಲ್ಲವರು ಯಾರು?

ಅಂಗೋಲಾದಲ್ಲೂ ಇದೇ ಪಾಡು. 1975ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಜೊನಾಸ್ ಸವಿಂಬಿಯ ಯುನಿಟಾ ಪಡೆ 1992ರಿಂದ 1998ರ ನಡುವೆ ವಜ್ರದಿಂದಲೇ 370 ಕೋಟಿ ಡಾಲರ್ ಗಳಿಸಿತು ಎಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ 1998ರಲ್ಲಿ ಅಂದಾಜು ಮಾಡಿತು.

ವಜ್ರಕ್ಕೇ ಯಾಕೆ ಈ ಶಾಪ? ಕಾರಣ ಸರಳ. ಒಂದು ಮುಷ್ಟಿ ಹರಳಿನಲ್ಲಿ ಒಂದು ಊರಿನ ಬೆಲೆ ಅಡಗುತ್ತದೆ. ಕೊಳೆಯುವುದಿಲ್ಲ, ವಾಸನೆ ಬರುವುದಿಲ್ಲ, ಚೀಲ ಬೇಕಿಲ್ಲ. ಜೊತೆಗೆ ವಜ್ರ ಸಿಗುವ ರೀತಿ ಎರಡು. ಭೂಮಿಯ ಆಳದಿಂದ ಎದ್ದ ಕಿಂಬರ್‌ಲೈಟ್ ಕಲ್ಲಿನ ಕೊಳವೆಯಲ್ಲಿದ್ದರೆ ದೊಡ್ಡ ಯಂತ್ರ ಬೇಕು. ಆದರೆ ಸುತ್ತ ಬೇಲಿ ಹಾಕಿ ಕಾಯಬಹುದು. ಹೊಳೆ ಕೊಚ್ಚಿ ತಂದ ಮೆಕ್ಕಲಿನಲ್ಲಿದ್ದರೆ ಗುದ್ದಲಿ, ಜರಡಿ, ಬಗ್ಗುವ ಬೆನ್ನು ಇಷ್ಟೇ ಸಾಕು. ಮೈಲಿಗಟ್ಟಲೆ ಹರಡಿದ ಅದಕ್ಕೆ ಬೇಲಿ ಹಾಕುವುದು ಹೇಗೆ? ಬಂದೂಕು ಹಿಡಿದವನೇ ಯಜಮಾನನಾಗುತ್ತಾನೆ.

ಆದರೆ ಹರಳನ್ನೇ ದೂರಬೇಡಿ. ಬೋಟ್ಸ್‌ವಾನಾ ನೋಡಿ. 1966ರಲ್ಲಿ ಸ್ವತಂತ್ರವಾದಾಗ ಅದು ಪ್ರಪಂಚದ ಕಡುಬಡ ದೇಶಗಳಲ್ಲೊಂದು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಅಲ್ಲಿನ ಸರ್ಕಾರ ಡಿ ಬಿಯರ್ಸ್ ಕಂಪನಿಯ ಜೊತೆ ಸಮಪಾಲು ಮಾಡಿಕೊಂಡು, ಬಂದ ಹಣದಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಿತು. ಅಲ್ಲಿ ಅಂತರ್ಯುದ್ಧವಾಗಲಿಲ್ಲ. ಅದೇ ವಜ್ರ, ಅದೇ ಖಂಡ. ಬೇರೆಯಾಗಿದ್ದದ್ದು ಗಣಿಯ ಬಗೆ ಮತ್ತು ಬೊಕ್ಕಸದ ಲೆಕ್ಕ. ವಜ್ರವಲ್ಲದ ಕಡೆಯೂ ಹೀಗೆಯೇ. ಕಾಂಬೋಡಿಯಾದಲ್ಲಿ ಖಮೇರ್ ರೂಜ್ ಪಡೆಗೆ ಮರ ಮತ್ತು ಮಾಣಿಕ್ಯ ಹಣ ತಂದವು. ಪೂರ್ವ ಕಾಂಗೋದಲ್ಲಿ ಬಂದೂಕುಧಾರಿಗಳು ಕಾದಾಡುವ ಕೋಲ್ಟಾನ್ ಅದಿರಿನ ಲೋಹ ನಮ್ಮ ಮೊಬೈಲ್ ಫೋನಿನೊಳಗೇ ಇರುತ್ತದೆ.

ಕೊನೆಗೂ ಪ್ರಪಂಚ ಎಚ್ಚೆತ್ತಿತು. 2000ದ ಮೇನಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಸಭೆ ಸೇರಿತು. 2003ರ ಜನವರಿ 1ರಿಂದ ‘ಕಿಂಬರ್ಲಿ ಪ್ರಕ್ರಿಯೆ’ ಜಾರಿಗೆ ಬಂತು. ಭಾರತ ಮೊದಲಿನಿಂದಲೂ ಅದರ ಸದಸ್ಯ. 2008 ಮತ್ತು 2019ರಲ್ಲಿ ಅಧ್ಯಕ್ಷ ಸ್ಥಾನವನ್ನೂ ವಹಿಸಿತ್ತು. ನಿಯಮ ಹೀಗಿದೆ. ಕಚ್ಚಾ ವಜ್ರ ಗಡಿ ದಾಟಬೇಕಾದರೆ ಮೊಹರು ಮಾಡಿದ ಪೆಟ್ಟಿಗೆಯಲ್ಲಿರಬೇಕು. ದಂಗೆಕೋರರ ಹಣಕ್ಕೆ ಇದು ಸೇರಿಲ್ಲ ಎಂಬ ಸರ್ಕಾರಿ ಪ್ರಮಾಣಪತ್ರ ಜೊತೆಗಿರಬೇಕು. ಪತ್ರವಿಲ್ಲದ ಸರಕನ್ನು ಸದಸ್ಯ ದೇಶಗಳು ಕೊಳ್ಳುವಂತಿಲ್ಲ. ಫಲ ಕಂಡಿತೇ? ಕಂಡಿತು. ಸಿಯೆರಾ ಲಿಯೋನ್‌ನ ಕಾನೂನುಬದ್ಧ ವಜ್ರ ರಫ್ತು 2000ದಲ್ಲಿ ಸುಮಾರು 1 ಕೋಟಿ ಡಾಲರ್ ಇದ್ದದ್ದು 2004ರಲ್ಲಿ 12 ಕೋಟಿ ಡಾಲರ್ ದಾಟಿತು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆಮನೆ ಶಿಕ್ಷೆಯಾಯಿತು.

ಆದರೆ ಈ ಜರಡಿಯಲ್ಲಿ ತೂತುಗಳಿವೆ. ಮೊದಲನೆಯದು, ಪತ್ರ ಕಚ್ಚಾ ಹರಳಿಗೆ ಮಾತ್ರ. ಸೂರತ್‌ಗೆ ಬಂದ ಮೇಲೆ ಹತ್ತು ದೇಶದ ಹರಳು ಒಂದೇ ಮೇಜಿನ ಮೇಲೆ ಬೆರೆತು, ಗಾತ್ರ, ಬಣ್ಣ, ಶುದ್ಧತೆಯ ಪ್ರಕಾರ ಮತ್ತೆ ಬೇರೆಯಾಗುತ್ತದೆ. ಮೆರುಗು ಬಂದ ಮೇಲೆ ಬಿಲ್ಲಿನ ಮೇಲೊಂದು ಒಕ್ಕಣೆ, ಅಷ್ಟೇ. ಎರಡನೆಯದು ಇನ್ನೂ ದೊಡ್ಡದು. ಸರ್ಕಾರವನ್ನು ಉರುಳಿಸಲು ದಂಗೆಕೋರರು ಬಳಸಿದರೆ ಮಾತ್ರ ಅದು ‘ಸಂಘರ್ಷದ ವಜ್ರ’. ಸರ್ಕಾರದ ಸೈನ್ಯವೇ ಜನರನ್ನು ಕೊಂದರೆ? 2008ರ ಕೊನೆಯಲ್ಲಿ ಜಿಂಬಾಬ್ವೆಯ ಮರಾಂಗೆ ವಜ್ರದ ಹೊಲಗಳಲ್ಲಿ ಸೈನ್ಯ ನಡೆಸಿದ ಕಾರ್ಯಾಚರಣೆಯಲ್ಲಿ ಸುಮಾರು 200 ಜನ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. 2011ರ ನವೆಂಬರಿನಲ್ಲಿ ಆ ಹರಳಿನ ರಫ್ತಿಗೆ ಒಪ್ಪಿಗೆ ಸಿಕ್ಕಿತು. ಈ ಪ್ರಕ್ರಿಯೆ ಹುಟ್ಟಲು ದುಡಿದಿದ್ದ ಗ್ಲೋಬಲ್ ವಿಟ್ನೆಸ್ ಮರುತಿಂಗಳೇ ಅದರಿಂದ ಹೊರನಡೆಯಿತು.

ಮೂರನೆಯ ಪರೀಕ್ಷೆ ಬಂದದ್ದು 2022ರ ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನಿನ ಮೇಲೆ ಯುದ್ಧ ಸಾರಿದಾಗ. ಆ ಹೊತ್ತಿಗೆ ಪ್ರಪಂಚದ ಕಚ್ಚಾ ವಜ್ರದಲ್ಲಿ ಮೂರನೇ ಒಂದು ಪಾಲಿನಷ್ಟು ತೆಗೆಯುತ್ತಿದ್ದುದು ರಷ್ಯಾದ ಅಲ್ರೋಸಾ. ಅದರಲ್ಲಿ ಸರ್ಕಾರದ ಪಾಲೇ ದೊಡ್ಡದು. ಕಿಂಬರ್ಲಿ ಪ್ರಕ್ರಿಯೆಯಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಹಾಗಾಗಿ ಅಲ್ಲಿ ಏನೂ ಆಗಲಿಲ್ಲ. ಜಿ-7 ದೇಶಗಳು ತಾವೇ ಬಾಗಿಲು ಹಾಕಿದವು. 2024ರ ಜನವರಿ 1ರಿಂದ ರಷ್ಯಾದಿಂದ ನೇರ ಆಮದಿಗೆ ತಡೆ. ಮಾರ್ಚ್ 1ರಿಂದ ಬೇರೆ ದೇಶದಲ್ಲಿ ಸಾಣೆಯಾಗಿ ಬರುವ ಒಂದು ಕ್ಯಾರೆಟ್ ಮೇಲ್ಪಟ್ಟ ರಷ್ಯನ್ ಹರಳಿಗೂ ತಡೆ.

‘ಬೇರೆ ದೇಶ’ ಎಂದರೆ ಯಾವುದು? ಮುಖ್ಯವಾಗಿ ನಮ್ಮ ಸೂರತ್! ಅಲ್ಲಿನ ಸಣ್ಣ ಕಾರ್ಖಾನೆಗಳಿಗೆ ಅಲ್ರೋಸಾದ ಚಿಕ್ಕ ಹರಳುಗಳೇ ಅನ್ನವಾಗಿದ್ದವು. ಅದೇ ಹೊತ್ತಿಗೆ ಚೀನಾದಲ್ಲಿ ಬೇಡಿಕೆ ಬಿತ್ತು, ಪ್ರಯೋಗಾಲಯದ ವಜ್ರ ಅಗ್ಗವಾಯಿತು. 2023ರ ಅಕ್ಟೋಬರ್ 15ರಿಂದ ಎರಡು ತಿಂಗಳು ಕಚ್ಚಾ ವಜ್ರದ ಆಮದನ್ನೇ ನಿಲ್ಲಿಸಲು ನಮ್ಮ ವ್ಯಾಪಾರಿಗಳು ತಾವಾಗಿ ತೀರ್ಮಾನಿಸಿದರು. ಅದೇ ಡಿಸೆಂಬರ್ 17ರಂದು ಪ್ರಧಾನಿಯವರು ಸೂರತ್ ಡೈಮಂಡ್ ಬೋರ್ಸ್ ಉದ್ಘಾಟಿಸಿದರು. 67 ಲಕ್ಷ ಚದರ ಅಡಿಯ ಆ ಕಟ್ಟಡ ಅಮೆರಿಕದ ಪೆಂಟಗನ್ನನ್ನೂ ಮೀರಿಸಿದ್ದು. ಮೇಲೆ ಅರಮನೆ, ಕೆಳಗೆ ಆರುತ್ತಿರುವ ಒಲೆ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿಗೆ ಹೇರಿದ ಶೇ. 50ರ ಸುಂಕ ಇನ್ನೊಂದು ಪೆಟ್ಟು.

ಕತಾರಗಾಮಿನಲ್ಲಿ ಮಾವ ನನಗೊಬ್ಬರನ್ನು ಪರಿಚಯಿಸಿದರು. ಅಮ್ರೇಲಿ ಜಿಲ್ಲೆಯವರು. ಇಪ್ಪತ್ತೆರಡು ವರ್ಷ ಘಂಟಿಯ ಮುಂದೆ ಕೂತವರು. ಈಗ ಸಂಜೆ ಹೊತ್ತು ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಬದನೆಕಾಯಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಒಮ್ಮೆ ತಿರುಗಿಸಿ ನೋಡಿ ತಕ್ಕಡಿಗೆ ಹಾಕುತ್ತಿದ್ದರು. ಕೈಗೆ ಹಳೆಯ ಅಭ್ಯಾಸ! “ರಕ್ತದ ವಜ್ರ ಅಂತಾರಲ್ಲ ಭಾಯಿ, ನಿಮಗೆ ಗೊತ್ತಾ?” ಎಂದು ಕೇಳಿದೆ. “ಬೆನ್, ನನ್ನ ಕೈಗೆ ಬಂದಾಗ ಎಲ್ಲವೂ ಮಸುಕಾಗಿಯೇ ಇರುತ್ತಿದ್ದವು. ಯಾವುದರ ಮೇಲೂ ಊರಿನ ಹೆಸರು ಬರೆದಿರಲಿಲ್ಲ. ಯುದ್ಧ ಎಲ್ಲೋ ಆಯಿತು, ಘಂಟಿ ನಮ್ಮದು ನಿಂತಿತು” ಎಂದರು. ನಾನು ಬದನೆಕಾಯಿ ಕೊಂಡೆ. ಬೇರೇನು ಹೇಳಲಿ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಹರಳು ತೆಗೆಯುವ ಕೂಲಿಯ ಕೈ ಒಂದು ಯುದ್ಧದಲ್ಲಿ ಹೋಯಿತು, ಹರಳು ತೀಡುವ ಕೂಲಿಯ ಕೆಲಸ ಇನ್ನೊಂದು ಯುದ್ಧದಲ್ಲಿ ಹೋಯಿತು. ಇಬ್ಬರೂ ಆ ವಜ್ರವನ್ನು ಧರಿಸಿದವರಲ್ಲ.

ಊರಿಗೆ ಬಂದ ಮೇಲೆ ಅಕ್ಕನ ಮಗಳ ಜೊತೆ ಉಂಗುರದ ಅಂಗಡಿಗೆ ಹೋದೆ. “ಈ ಹರಳು ಯಾವ ದೇಶದ್ದು?” ಎಂದಾಗ ಅಂಗಡಿಯವರು ಬೇಸರಪಡದೆ ಪ್ರಮಾಣಪತ್ರ ತೆಗೆದು ತೋರಿಸಿದರು. ತೂಕ, ಬಣ್ಣ, ಶುದ್ಧತೆ, ಕಟ್ಟು ಎಲ್ಲವೂ ಇತ್ತು. ಹುಟ್ಟೂರು ಮಾತ್ರ ಇರಲಿಲ್ಲ. “ಇದುವರೆಗೆ ಯಾರೂ ಕೇಳಿಲ್ಲ ಮೇಡಂ” ಎಂದರು. ಆ ಮಾತು ನನ್ನನ್ನು ಚುಚ್ಚಿತು. ಕೇಳದವರಲ್ಲಿ ನಾವೂ ಇದ್ದೆವಲ್ಲ!

ಪ್ರಯೋಗಾಲಯದ ವಜ್ರ ಕೊಂಡರೆ ಮುಗಿಯಿತೇ? ಅದಕ್ಕೆ ಹೊಂಡವಿಲ್ಲ, ಬಂದೂಕಿಲ್ಲ, ನಿಜ. ಅದನ್ನೂ ಸೂರತ್‌ನಲ್ಲೇ ಬೆಳೆಸಿ ಸಾಣೆ ಹಿಡಿಯುತ್ತಾರೆ. ಆದರೆ ಎಲ್ಲರೂ ಗಣಿಯ ವಜ್ರ ಬಿಟ್ಟರೆ ಬೋಟ್ಸ್‌ವಾನಾದ ಶಾಲೆಗೆ ಹಣ ಎಲ್ಲಿಂದ? ಸಿಯೆರಾ ಲಿಯೋನ್‌ನಲ್ಲಿ ಇಂದಿಗೂ ಜರಡಿ ಹಿಡಿದು ಬದುಕುವವರ ಗತಿಯೇನು? ಅಳತೆ ನೋಡಿ ಕೊಡುವ ಸಿದ್ಧ ಉತ್ತರ ನನ್ನಲ್ಲಿಲ್ಲ. ಹುಡುಗಿ ಮಾತ್ರ ತನ್ನದನ್ನು ತಾನೇ ಹುಡುಕಿಕೊಂಡಳು. ಗಣಿಯ ಹೆಸರನ್ನು ಬರೆದುಕೊಡುವ ವ್ಯಾಪಾರಿ ಸಿಗುವವರೆಗೆ ಹರಳಿಲ್ಲದ ಚಿನ್ನದ ಉಂಗುರವೇ ಸಾಕು ಎಂದಳು. ಹುಡುಗನೂ ಒಪ್ಪಿದ.

ಅಮ್ಮನ ಓಲೆ? 1990ರ ದಶಕದ ಕೊನೆಯಲ್ಲಿ ಪ್ರಪಂಚದ ವಜ್ರದಲ್ಲಿ ಸಂಘರ್ಷದ ಪಾಲು ಶೇ. 4 ಎಂದು ಉದ್ಯಮದವರು ಹೇಳುತ್ತಿದ್ದರು, ಶೇ. 15ರವರೆಗೆ ಎಂದು ಬೇರೆಯವರು. ಎರಡು ಕಿವಿಗೆ ಹದಿನಾಲ್ಕು ಹರಳು. ಶೇ. 4 ಎಂದರೆ ಅರ್ಧ ಹರಳು, ಶೇ. 15 ಎಂದರೆ ಎರಡು. ಈ ಲೆಕ್ಕವನ್ನು ಅಮ್ಮನಿಗೆ ಒಂದು ಸಂಜೆ ಮೆಲ್ಲಗೆ ಹೇಳಿದೆ. ಕೈ ಇಲ್ಲದವರ ವಿಷಯವನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗುಲಾಬಿ ಕಾಗದ ಬಿಚ್ಚಿ ಹದಿನಾಲ್ಕನ್ನೂ ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿ, “ಯಾವುದು ಅಂತ ಗೊತ್ತಾಗೋದಿಲ್ಲವಲ್ಲೇ” ಎಂದರು.

ಓಲೆ ಮಾರಲಿಲ್ಲ. ಮಾರಿದರೆ ಪ್ರಶ್ನೆ ಇನ್ನೊಬ್ಬರ ಕಿವಿಗೆ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ. ಮೊಮ್ಮಗಳ ಮದುವೆಗೆ ಅಮ್ಮ ಅದನ್ನು ಹಾಕಿಕೊಳ್ಳುತ್ತಾರೆ. ಅಪ್ಪನ ದುಡಿಮೆಯೂ ಅದರಲ್ಲಿದೆಯಲ್ಲ. ಆದರೆ ಮೂಲ ಕೇಳಬಾರದು ಎಂಬ ಗಾದೆಯನ್ನು ಅವರು ಆಮೇಲೆ ನಮ್ಮ ಮನೆಯಲ್ಲಿ ಹೇಳಿಲ್ಲ.

ಓದುಗರೇ, ಋಷಿಯ ಮೂಲ, ನದಿಯ ಮೂಲ ಕೇಳದಿದ್ದರೂ ನಡೆದೀತು. ಹರಳಿನ ಮೂಲ ಕೇಳಿ. ಅಂಗಡಿಯಲ್ಲಿ ಒಬ್ಬರು ಕೇಳಿದರೆ ವ್ಯಾಪಾರಿ ನಗುತ್ತಾರೆ, ಹತ್ತು ಜನ ಕೇಳಿದರೆ ಬರೆದಿಟ್ಟುಕೊಳ್ಳುತ್ತಾರೆ, ನೂರು ಜನ ಕೇಳಿದರೆ ಅವರೂ ತಮಗೆ ಮಾರಿದವರನ್ನು ಕೇಳುತ್ತಾರೆ. ನಿಮ್ಮ ಮನೆಯ ಡಬ್ಬಿಯಲ್ಲೂ ಇಂಥ ಕಥೆಯಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಓದಿಸೋಣ.